ಎಂಎನ್‌ಡಿ ಇರುವವರಿಗೆ ನಾಡಿ ಜೋರಾದರೆ ಮೊದಲು ಉಸಿರು ನೋಡಿ

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ 61 ವರ್ಷ. ಕಳೆದ ವರ್ಷ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಿದಾಗ ಮೋಟಾರ್ ನ್ಯೂರಾನ್ ಕಾಯಿಲೆ (ಎಂಎನ್‌ಡಿ) ಅಂದರು. ಆಮೇಲೆ ತುಂಬಾ ಇಳಿದುಹೋಗಿದ್ದಾರೆ. ಈಗ ಸುಮ್ನೆ ಕೂತಿದ್ದರೂ ನಾಡಿ 100 ದಾಟುತ್ತದೆ. ಕೈಕಾಲು ತಣ್ಣಗಿರುತ್ತದೆ. ಸ್ನಾನ ಮಾಡಿಸಿ ಎಬ್ಬಿಸಿದರೆ ಕಣ್ಣು ಕತ್ತಲೆ ಬರುತ್ತದೆ ಅನ್ನುತ್ತಾರೆ. ಶಿವಮೊಗ್ಗದಲ್ಲಿ ಇಸಿಜಿ, ಎಕೋ ಮಾಡಿಸಿದೆವು. ಎರಡೂ ನಾರ್ಮಲ್. ಹಳೆಯ ಬಿಪಿ ಮಾತ್ರೆ ಜೊತೆ ಜೊಲ್ಲು ಕಡಿಮೆಯಾಗಲು ಒಂದು ಮಾತ್ರೆ ನಡೆಯುತ್ತಿದೆ. ಕಾಯಿಲೆ ಹೃದಯಕ್ಕೂ ಬಂತಾ?
— ಓದುಗರು, ತೀರ್ಥಹಳ್ಳಿ

ಉತ್ತರ: ಹೃದಯದ ಸ್ನಾಯು ಈ ಕಾಯಿಲೆಗೆ ಸಾಮಾನ್ಯವಾಗಿ ನೇರವಾಗಿ ಸಿಕ್ಕುವುದಿಲ್ಲ. ಕೈಕಾಲು ಆಡಲು ಮೋಟಾರ್ ನರಕೋಶಗಳ ಅಪ್ಪಣೆ ಬೇಕು, ಈ ಕಾಯಿಲೆಯಲ್ಲಿ ಸೋಲುವುದು ಅವೇ. ಹೃದಯಕ್ಕೆ ಬೇಡ, ಬಡಿತ ಅದರೊಳಗೇ ಹುಟ್ಟುತ್ತದೆ. ಅದನ್ನು ಜೋರು ಅಥವಾ ನಿಧಾನ ಮಾಡುವುದು ಮಾತ್ರ ಅಟೊನಾಮಿಕ್ ನರಗಳ ಕೆಲಸ. ಬಿಪಿ, ಬೆವರು, ಜೀರ್ಣವನ್ನೂ ಇವೇ ನಮ್ಮನ್ನು ಕೇಳದೆ ನೋಡಿಕೊಳ್ಳುತ್ತವೆ. ಎಂಎನ್‌ಡಿ ಇರುವ ಕೆಲವರಲ್ಲಿ ಈ ನರಗಳ ಹದವೂ ಸ್ವಲ್ಪ ತಪ್ಪುತ್ತದೆ. ಬಡಿತ ಏರಿಸುವ ಸಿಂಪಥೆಟಿಕ್ ಭಾಗದ ಕೈ ಮೇಲಾಗಿ, ಕೂತಲ್ಲೇ ನಾಡಿ ಏರಬಹುದು. ಕೈಕಾಲು ತಣ್ಣಗಾಗುವುದಕ್ಕೆ ಅದೂ ಒಂದು ಕಾರಣ, ಆಡಿಸದೆ ಇಡುವುದು ಇನ್ನೊಂದು. ಕಾಲುಚೀಲ, ಕಂಬಳಿ ಸಾಕು. ಬಿಸಿನೀರಿನ ಚೀಲ ಇಡಬೇಡಿ. ಸುಟ್ಟರೂ ಕಾಲು ಎಳೆದುಕೊಳ್ಳಲು ಅವರಿಗೆ ಆಗುವುದಿಲ್ಲ.

ಆದರೆ 100 ದಾಟುವ ನಾಡಿಯನ್ನು ಬರೀ ನರದ ತೊಂದರೆ ಅಂತ ಬಿಡಬೇಡಿ. ಮೊದಲು ಉಸಿರನ್ನು ನೋಡಬೇಕು. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯು ಮೋಟಾರ್ ನರಗಳಿಂದಲೇ ನಡೆಯುತ್ತದೆ. ಅದು ಸೋತರೆ ರಾತ್ರಿ ಉಸಿರು ಆಳಕ್ಕೆ ಹೋಗುವುದಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸೇರುತ್ತಾ ಹೋಗುತ್ತದೆ, ಹೃದಯ ಓಡಲು ಶುರು ಮಾಡುತ್ತದೆ. ಎಷ್ಟೋ ಮನೆಗಳಲ್ಲಿ ಇದು ತಡವಾಗಿ ಗೊತ್ತಾಗುತ್ತದೆ, ಯಾಕೆಂದರೆ ಎಲ್ಲರ ಕಣ್ಣು ಇಸಿಜಿ ಮೇಲೆಯೇ ಇರುತ್ತದೆ. ಅಪ್ಪಯ್ಯ ಅಂಗಾತ ಮಲಗಲು ಒಲ್ಲೆ ಅನ್ನುತ್ತಾರಾ? ದಿಂಬು ಜಾಸ್ತಿ ಕೇಳುತ್ತಾರಾ? ಬೆಳಗ್ಗೆ ಎದ್ದ ಕೂಡಲೇ ತಲೆನೋವು, ಹಗಲಿಡೀ ತೂಕಡಿಕೆ ಇದೆಯಾ? ಬೆರಳಿಗೆ ಹಾಕುವ ಆಕ್ಸಿಮೀಟರ್ ಹಗಲಲ್ಲಿ 97 ತೋರಿಸಿತು ಅಂತ ನಿಶ್ಚಿಂತೆ ಬೇಡ. ಅದು ಇಂಗಾಲದ ಡೈಆಕ್ಸೈಡ್ ಅಳೆಯುವುದಿಲ್ಲ. ಕೂತು ಒಮ್ಮೆ, ಮಲಗಿ ಒಮ್ಮೆ ಮಾಡುವ ಉಸಿರಿನ ಪರೀಕ್ಷೆ, ರಾತ್ರಿಯಿಡೀ ಆಕ್ಸಿಜನ್ ದಾಖಲಿಸುವ ಪರೀಕ್ಷೆ, ರಕ್ತದಲ್ಲಿನ ಆಕ್ಸಿಜನ್, ಇಂಗಾಲದ ಡೈಆಕ್ಸೈಡ್ ಅಳೆಯುವ ಎಬಿಜಿ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ.

ಒಂದು ಮಾತು ಒತ್ತಿ ಹೇಳುತ್ತೇನೆ. ನೀವಾಗಿಯೇ ಆಕ್ಸಿಜನ್ ಸಿಲಿಂಡರ್ ತಂದು ಹಚ್ಚಬೇಡಿ. ಈ ಸ್ಥಿತಿಯಲ್ಲಿ ಬರೀ ಆಕ್ಸಿಜನ್ ಕೊಟ್ಟರೆ ಡೈಆಕ್ಸೈಡ್ ಇನ್ನೂ ಏರಬಹುದು. ಉಸಿರಿನ ಸ್ನಾಯು ಸೋತಿದ್ದರೆ ಬೇಕಾಗುವುದು ಮುಖವಾಡದಲ್ಲಿ ಗಾಳಿ ಒತ್ತಿ ಕೊಡುವ ಬೈಪ್ಯಾಪ್ ಯಂತ್ರ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ ಅಲ್ವಾ? ಯಂತ್ರ ತರುವ ಮೊದಲೇ ಅದಕ್ಕೆ ಬ್ಯಾಟರಿಯ ವ್ಯವಸ್ಥೆ ಮಾಡಿಕೊಳ್ಳಿ.

ಇನ್ನು ಮಾತ್ರೆಗಳು. ಜೊಲ್ಲಿಗೆ ಕೊಡುವ ಅಮಿಟ್ರಿಪ್ಟಿಲಿನ್, ಗ್ಲೈಕೋಪೈರೋಲೇಟ್ ಎರಡೂ ನಾಡಿ ಏರಿಸಬಹುದು, ಮಲಬದ್ಧತೆಯನ್ನೂ ತರಬಹುದು. ಬಿಪಿ ಮಾತ್ರೆಯ ಡೋಸ್ ಮೊದಲಿನ ತೂಕ ಇದ್ದಾಗ ಬರೆದದ್ದು. ಈಗ ಅದು ಜಾಸ್ತಿ ಆಗಿರಬಹುದು. ನುಂಗಲು ಕಷ್ಟವೆಂದು ನೀರು ಕಡಿಮೆ ಕುಡಿದರೂ ನಾಡಿ ಏರುತ್ತದೆ, ಬಿಪಿ ಇಳಿಯುತ್ತದೆ. ಮಲಗಿದಾಗ ಒಮ್ಮೆ, ನಿಂತು ಅಥವಾ ಕೂತು 3 ನಿಮಿಷ ಆದ ಮೇಲೆ ಇನ್ನೊಮ್ಮೆ ಬಿಪಿ ನೋಡಿ ಬರೆದಿಡಿ. ಮೇಲಿನ ಅಂಕಿ 20 ಇಳಿದರೆ ಡಾಕ್ಟರಿಗೆ ತೋರಿಸಿ. ಮಾತ್ರೆ ಮಾತ್ರ ನೀವೇ ನಿಲ್ಲಿಸಬೇಡಿ. ರಕ್ತಹೀನತೆ, ಥೈರಾಯ್ಡ್ ಪರೀಕ್ಷೆಯೂ ಆಗಲಿ.

ಹಂಡೆಯ ಸುಡುನೀರಿನ ಸ್ನಾನ ನಮ್ಮ ಕಡೆಯವರಿಗೆ ಪ್ರಾಣ. ಆದರೆ ಬಿಸಿಗೆ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ಕುರ್ಚಿಯಲ್ಲೇ ಕೂರಿಸಿ ಸ್ನಾನ ಮಾಡಿಸಿ, ಮುಗಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಎಬ್ಬಿಸಿ.

ನಾಡಿ ದಿಢೀರ್ ಏರಿ ಏದುಸಿರು, ಎದೆನೋವು ಬಂದರೆ ಕಾಯದೆ 108ಕ್ಕೆ ಫೋನ್ ಮಾಡಿ. ಓಡಾಟ ನಿಂತವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದುಂಟು. ಒಂದೇ ಕಾಲು ಊದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಇದೆಲ್ಲ ಸರಿಪಡಿಸಿದ ಮೇಲೂ ನಿಂತಾಗ ಬಿಪಿ ತೀರಾ ಇಳಿಯುತ್ತಿದ್ದರೆ, ಮೂತ್ರವೂ ಕಟ್ಟುತ್ತಿದ್ದರೆ ನರರೋಗ ತಜ್ಞರಿಗೆ ಹೇಳಿ. ಎಂಎನ್‌ಡಿಯಲ್ಲಿ ಅಷ್ಟು ಜೋರಾದ ಅಟೊನಾಮಿಕ್ ತೊಂದರೆ ಶುರುವಿನಲ್ಲೇ ಬರುವುದು ಅಪರೂಪ. ಆಗ ಬೇರೆ ಕಾಯಿಲೆ ಇದೆಯಾ ಅಂತ ಅವರು ಮತ್ತೊಮ್ಮೆ ನೋಡಬೇಕಾಗುತ್ತದೆ.