ಮೊದಲ ‘ಬೇಡ’ವನ್ನೇ ನಂಬುವ ಮನೆ

ನಾನು ಆಪ್ತಸಲಹೆಗಾರ್ತಿ. ಪರದೇಶದಲ್ಲಿ ಬೇರೆಯವರ ಮನೆಯಲ್ಲಿದ್ದು ಓದುವ ಮಕ್ಕಳು ಅಲ್ಲಿ ಹೊಂದಿಕೊಳ್ಳಲಾಗದೆ ಸೊರಗುವುದು, ಈ ವರ್ಷ ನನಗಿದು ಮೂರನೇ ಪ್ರಕರಣ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಹುಡುಗನಿಗೆ 16. ದಾವಣಗೆರೆ ಕಡೆಯವನು. ವಿದ್ಯಾರ್ಥಿ ವಿನಿಮಯದಲ್ಲಿ ಒಂದು ವರ್ಷಕ್ಕೆಂದು ಜರ್ಮನಿಗೆ ಹೋಗಿ, ಸ್ಟುಟ್‌ಗಾರ್ಟ್ ಹತ್ತಿರದ ಸಣ್ಣ ಊರಲ್ಲಿ ಒಂದು ಕುಟುಂಬದ ಜೊತೆಗಿದ್ದ. ಆರು ವಾರಕ್ಕೇ ನಾಲ್ಕು ಕಿಲೋ ಇಳಿದುಹೋಗಿದ್ದ. ಅಮ್ಮ ದಿನಾ ವಿಡಿಯೋ ಕಾಲ್‌ನಲ್ಲಿ ಅಳುತ್ತಿದ್ದರು. ಅಪ್ಪನದು ಒಂದೇ ಹಟ: ಮನೆ ಬದಲಿಸಿ.

ಎರಡನೇ ಸಲ ಮಾತಾಡುವಾಗ ನಮಗೆ ರಾತ್ರಿ ಎಂಟು, ಅವನಿಗೆ ಸಂಜೆ ನಾಲ್ಕೂವರೆ. ಹಿಂದೆ ಮಂಚದ ಮೇಲೆ ಬಿಸ್ಕತ್ತಿನ ಖಾಲಿ ಪೊಟ್ಟಣ ಕಾಣುತ್ತಿತ್ತು. “ಅಲ್ಲಿ ಊಟ ಸೇರಲ್ವಾ?” ಎಂದೆ. “ಸೇರುತ್ತೆ ಮೇಡಂ. ಆದ್ರೆ ಸಾಕಾಗಲ್ಲ.” ಊಟಕ್ಕೆ ಕೂತಾಗ ಏನೇನಾಗುತ್ತೆ, ಮೊದಲಿಂದ ಹೇಳು ಎಂದೆ. ಅಲ್ಲಿ ರಾತ್ರಿಯೂಟ ಅಂದರೆ ಬಹಳ ಮನೆಗಳಲ್ಲಿ ಆಬೆಂಡ್‌ಬ್ರೋಟ್: ಬ್ರೆಡ್ಡು, ಚೀಸು, ಸೌತೆಕಾಯಿ, ಎಲ್ಲ ತಣ್ಣಗಿನದು. ಆ ಮನೆಯಾಕೆ ಬುಟ್ಟಿ ಹಿಡಿದು ಇನ್ನೂ ಬೇಕಾ ಎಂದು ಕೇಳುತ್ತಾರೆ. ಇವನು ನಗುತ್ತಾ “ಡಾಂಕೆ” ಅನ್ನುತ್ತಾನೆ, ಅಂದರೆ ‘ಥ್ಯಾಂಕ್ಸ್’. ಬುಟ್ಟಿ ವಾಪಸ್ ಹೋಗುತ್ತದೆ.

“ಅವರು ಇನ್ನೊಂದ್ ಸಲ ಕೇಳೋದೇ ಇಲ್ಲ ಮೇಡಂ.”

ನನಗೆ ಅಲ್ಲೇ ಹೊಳೆಯಿತು. ನಮ್ಮಲ್ಲಿ ಎಲೆಗೆ ಕೈ ಅಡ್ಡ ಇಟ್ಟರೂ ಬೆರಳ ಸಂದಿಯಲ್ಲೇ ಬಡಿಸಿ ಹೋಗುತ್ತಾರೆ. ಮೊದಲ ‘ಬೇಡ’ ಸಂಕೋಚದ್ದು, ಮೂರನೆಯದು ನಿಜದ್ದು. ಜರ್ಮನ್ನರಿಗೆ ಮೊದಲನೆಯದೇ ನಿಜ. ಅದೂ ಅಲ್ಲದೆ, ಏನಾದರೂ ನೀಡಿದಾಗ ಬರೀ ‘ಡಾಂಕೆ’ ಅಂದರೆ ‘ಸಾಕು’ ಎಂದೇ ಅರ್ಥವಾಗುತ್ತದೆ. ಪಾಪ, ಇವನು ದಿನಾ ಮರ್ಯಾದೆಯಿಂದ ಉಪವಾಸ ಬೀಳುತ್ತಿದ್ದ.

ಮನೆ ಬದಲಿಸಬೇಡ ಎಂದೆ. ಬೇಕಿದ್ದರೆ “ಯಾ, ಗೆರ್ನೆ” ಅನ್ನು, ಅಂದರೆ ‘ಹೂಂ, ಖುಷಿಯಿಂದ’. ಆಮೇಲೆ ಒಂದು ದಿನ ಆಕೆಯ ಹತ್ತಿರ ಕೂತು, ನಮ್ಮಲ್ಲಿ ಬೇಡ ಅನ್ನೋದು ಹೇಗೆ ಅಂತ ನೀನೇ ಹೇಳು. ಅಪ್ಪ ಹೇಳಬಾರದು, ವಿನಿಮಯ ಕಾರ್ಯಕ್ರಮದವರೂ ಹೇಳಬಾರದು.

ಆಪ್ತಸಲಹೆಗಾರರು ಯಾವಾಗಲೂ ಮಕ್ಕಳಿಗೇ ಹೊಂದಿಕೊಳ್ಳಿ ಅಂತಾರೆ ಎಂದು ಅಪ್ಪ ರೇಗಿದರು. ಹಾಗಲ್ಲ. ಫ್ರಿಜ್ಜಿಗೆ ಬೀಗ ಹಾಕಿದ್ದರೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿದ್ದರೆ, ಯಾರಾದರೂ ಮೈ ಮುಟ್ಟಿದ್ದರೆ, ಅವತ್ತೇ ಆ ಮನೆ ಬಿಡು ಅನ್ನುತ್ತಿದ್ದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ದುಡ್ಡು ತೆಗೆದುಕೊಳ್ಳದೆ ಬೇರೆಯವರ ಮಗುವಿಗೆ ಕೋಣೆ ಕೊಟ್ಟ ಕುಟುಂಬ ಅದು. ಒಂದು ಮಾತೂ ಆಡದೆ ಎದ್ದು ಬಂದರೆ, ಮುಂದಿನ ಮನೆಯಲ್ಲೂ ಇವನು ‘ಡಾಂಕೆ’ ಅಂತಲೇ ಕೂರುತ್ತಿದ್ದ.

ಹೇಳಲು ಅವನಿಗೆ ಒಂಬತ್ತು ದಿನ ಹಿಡಿಯಿತು. ಆಕೆ ಕೇಳಿಸಿಕೊಂಡು ಸುಮ್ಮನಾದರಂತೆ. ಆಮೇಲೆ, ನನ್ನ ಮನೆ ಊಟ ನಿನಗೆ ಸೇರುತ್ತಿಲ್ಲ ಅಂದುಕೊಂಡು ದಿನಾ ಕಮ್ಮಿ ತರುತ್ತಿದ್ದೆ ಎಂದರಂತೆ.

ದಿನಾ ಕಾಲ್ ಬೇಡ, ವಾರಕ್ಕೆ ಎರಡು ಸಾಕು ಎಂದು ಅಮ್ಮನಿಗೂ ಹೇಳಿದ್ದೆ. ಅದಕ್ಕೆ ಅವರು ನನ್ನ ಜೊತೆ ಮಾತು ಬಿಟ್ಟರು. ಆ ಸಲಹೆಯ ಬಗ್ಗೆ ನನಗೆ ಅಷ್ಟು ಗಟ್ಟಿ ನಂಬಿಕೆಯಿಲ್ಲ. ಹುಡುಗ ಮಾತ್ರ ಈಗ ಬುಧವಾರ, ಭಾನುವಾರ ತಾನೇ ಕಾಲ್ ಮಾಡುತ್ತಾನಂತೆ.