ಓದುಗರ ಪ್ರಶ್ನೆ: ಒಮ್ಮೆಲೇ ಇಪ್ಪತ್ತೈದು ಗಾಯಾಳುಗಳು ಬಂದರೆ ಆಸ್ಪತ್ರೆಯ ಉಸ್ತುವಾರಿ ಯಾರದು?

ಮಳೆಗಾಲ ಹತ್ತಿರವಾಗುತ್ತಿದ್ದಂತೆ ಆಸ್ಪತ್ರೆಗಳ ತುರ್ತು ವ್ಯವಸ್ಥೆಯ ಬಗ್ಗೆ ಹಲವು ಪ್ರಶ್ನೆಗಳು ಬಂದಿವೆ. ಕೇಳಿದವರಲ್ಲಿ ಆಸ್ಪತ್ರೆಯ ಒಳಗಿನವರೂ ಇದ್ದಾರೆ, ಹೊರಗೆ ಕಾದು ನಿಂತವರೂ ಇದ್ದಾರೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ರಾತ್ರಿ ಪಾಳಿಯಲ್ಲಿ ಒಬ್ಬ ಡಾಕ್ಟರು, ಮೂವರು ನರ್ಸುಗಳು, ಒಬ್ಬ ಗ್ರೂಪ್ ಡಿ ಇರುತ್ತೇವೆ. ಘಾಟಿಯಲ್ಲಿ ಬಸ್ಸು ಉರುಳಿ 25 ಮಂದಿ ಬಂದುಬಿಟ್ಟರೆ ಯಾರ ಮಾತು ನಡೆಯಬೇಕು? ಆಡಳಿತ ವೈದ್ಯಾಧಿಕಾರಿ ಬರುವವರೆಗೆ ಕಾಯಬೇಕೆ?
– ಶುಶ್ರೂಷಾಧಿಕಾರಿ, ಶಿವಮೊಗ್ಗ ಜಿಲ್ಲೆ

ಉತ್ತರ: ಕಾಯಬೇಡಿ. ಆ ಗಳಿಗೆಯಲ್ಲಿ ಕಟ್ಟಡದೊಳಗೆ ಇರುವವರಲ್ಲೇ ಒಬ್ಬರು ಉಸ್ತುವಾರಿ ಹೊರಬೇಕು. "ಈಗ ಉಸ್ತುವಾರಿ ನನ್ನದು" ಎಂದು ಎಲ್ಲರಿಗೂ ಕೇಳುವಂತೆ ಬಾಯಿಬಿಟ್ಟು ಹೇಳಲೂ ಬೇಕು. ನಿಮ್ಮ ಪಾಳಿಯಲ್ಲಿ ಆ ಕೆಲಸ ಹಿರಿಯ ನರ್ಸಿನದು, ಡಾಕ್ಟರದಲ್ಲ. ಇರುವವರೇ ಒಬ್ಬ ಡಾಕ್ಟರು. ಉಸಿರು ಕಟ್ಟುತ್ತಿರುವವರನ್ನೂ ರಕ್ತ ಸೋರುತ್ತಿರುವವರನ್ನೂ ನೋಡಬೇಕಾದ ಕೈ ಅದು. ಆ ಕೈಗೆ ಫೋನು ಕೊಟ್ಟು ನಿಲ್ಲಿಸಬಾರದು.

ಮದುವೆ ಮನೆಯಲ್ಲಿ ಉಗ್ರಾಣದ ಉಸ್ತುವಾರಿ ಹೊತ್ತವರು ಸೌಟು ಹಿಡಿದು ಪಂಕ್ತಿಗೆ ಇಳಿದರೆ ಏನಾಗುತ್ತದೆ? ಬಡಿಸುವ ಕೈ ಒಂದು ಹೆಚ್ಚುತ್ತದೆ, ಆದರೆ ಅನ್ನ ಮುಗಿಯುತ್ತಾ ಬಂದದ್ದು ಯಾರಿಗೂ ತಿಳಿಯುವುದಿಲ್ಲ. ಆಸ್ಪತ್ರೆಯಲ್ಲೂ ಹಾಗೆಯೇ. ಉಸ್ತುವಾರಿ ಹೊತ್ತವರು ರೋಗಿಯ ಮೈಗೆ ಕೈ ಹಾಕಬಾರದು. ಪಾಲಿಸಲು ಇದಕ್ಕಿಂತ ಕಷ್ಟದ ನಿಯಮವಿಲ್ಲ, ಹೆಚ್ಚು ಮುರಿಯುವುದೂ ಇದೇ. ಹಿರಿಯ ಸರ್ಜನ್ ಬಂದರೆಂದು ಅವರನ್ನೇ ಮುಖ್ಯಸ್ಥರನ್ನಾಗಿ ಮಾಡುತ್ತಾರೆ. ಐದು ನಿಮಿಷದಲ್ಲಿ ಅವರು ಹೊಲಿಗೆ ಹಾಕುತ್ತಾ ಕೂತಿರುತ್ತಾರೆ, ಆಸ್ಪತ್ರೆಗೆ ಮುಖ್ಯಸ್ಥರೇ ಇಲ್ಲದಂತಾಗುತ್ತದೆ.

ಉಳಿದವರನ್ನು ಹೀಗೆ ಹಂಚಿ. ಒಬ್ಬ ನರ್ಸ್ ಬಾಗಿಲಲ್ಲಿ ನಿಂತು ಗಾಯಾಳುಗಳನ್ನು ಬಣ್ಣದ ಪ್ರಕಾರ ವಿಂಗಡಿಸಲಿ: ತಕ್ಷಣ ನೋಡಬೇಕಾದವರು ಕೆಂಪು, ಸ್ವಲ್ಪ ಕಾಯಬಲ್ಲವರು ಹಳದಿ, ಕಡಿಮೆ ಗಾಯದವರು ಹಸಿರು, ಉಳಿಸಲಾಗದವರು ಕಪ್ಪು. ಡಾಕ್ಟರು ಮತ್ತು ಇನ್ನೊಬ್ಬ ನರ್ಸ್ ಕೆಂಪು ಗುಂಪಿನ ಬಳಿ ಇರಲಿ. ಗ್ರೂಪ್ ಡಿ ಸಿಬ್ಬಂದಿ ಸ್ಟ್ರೆಚರ್ ಮತ್ತು ಆಕ್ಸಿಜನ್ ನೋಡಿಕೊಳ್ಳಲಿ. ಉಸ್ತುವಾರಿಯ ನರ್ಸ್ ಮಾಡಬೇಕಾದ ಮೊದಲ ಕರೆಗಳು ಮೂರು: ಆಡಳಿತ ವೈದ್ಯಾಧಿಕಾರಿಗೆ, 108ಕ್ಕೆ, ಗಾಯಾಳುಗಳನ್ನು ಕಳಿಸಬೇಕಾಗಬಹುದಾದ ದೊಡ್ಡ ಆಸ್ಪತ್ರೆಗೆ. ವೈದ್ಯಾಧಿಕಾರಿ ಬಂದಮೇಲೂ ಉಸ್ತುವಾರಿ ತಾನಾಗಿಯೇ ಕೈ ಬದಲಾಗುವುದಿಲ್ಲ. ಎಷ್ಟು ಮಂದಿ ಬಂದಿದ್ದಾರೆ, ಯಾವ ಬಣ್ಣದವರು ಎಷ್ಟು, ಯಾರನ್ನು ಎಲ್ಲಿಗೆ ಕಳಿಸಿದೆ, ಏನು ಮುಗಿಯುತ್ತಾ ಬಂದಿದೆ ಎಂದು ಒಂದು ನಿಮಿಷದಲ್ಲಿ ಒಪ್ಪಿಸಿ, "ಇನ್ನು ನಿಮ್ಮದು" ಎಂದ ಮೇಲೆಯೇ ಬದಲಾವಣೆ.

ವಿಂಗಡಣೆಗೆ ಸ್ಟಾರ್ಟ್ ಎಂಬ ಕ್ರಮ ಸಾಕು. ಒಬ್ಬರಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ನಡೆಯಬಲ್ಲವರು ಹಸಿರು. ಉಸಿರಿಲ್ಲದವರ ಉಸಿರಿನ ದಾರಿ ತೆರೆದು ನೋಡಿ: ಉಸಿರು ಬಂದರೆ ಕೆಂಪು, ಬಾರದಿದ್ದರೆ ಕಪ್ಪು. ಉಸಿರು ನಿಮಿಷಕ್ಕೆ 30 ಮೀರಿದರೆ ಕೆಂಪು. ಮಣಿಕಟ್ಟಿನ ನಾಡಿ ಸಿಗದಿದ್ದರೆ, ಅಥವಾ ಉಗುರು ಒತ್ತಿಬಿಟ್ಟಾಗ 2 ಸೆಕೆಂಡಿನಲ್ಲಿ ಬಣ್ಣ ಮರಳದಿದ್ದರೆ ಕೆಂಪು. "ಕೈ ಎತ್ತಿ" ಎಂದಾಗ ಎತ್ತಲಾಗದವರೂ ಕೆಂಪು. ಉಳಿದವರೆಲ್ಲ ಹಳದಿ. ಬಾಗಿಲಲ್ಲಿ ನಿಂತವರು ಉಸಿರಿನ ದಾರಿ ತೆರೆಯುವುದು ಮತ್ತು ಸುರಿಯುವ ರಕ್ತ ನಿಲ್ಲಿಸುವುದು, ಇವೆರಡನ್ನು ಬಿಟ್ಟು ಬೇರೆ ಚಿಕಿತ್ಸೆಗೆ ಇಳಿಯಬಾರದು.

ಒಂದು ಎಚ್ಚರಿಕೆ. ಮೊದಲು ಬರುವವರು ಸಾಮಾನ್ಯವಾಗಿ ಕಡಿಮೆ ಗಾಯವಾದವರು. ದಾರಿಯಲ್ಲಿ ಸಿಕ್ಕ ಜೀಪು, ಪಿಕಪ್ ಹತ್ತಿ ಬಂದುಬಿಡುತ್ತಾರೆ. ಅವರನ್ನೆಲ್ಲ ತುರ್ತು ವಿಭಾಗದ ಮಂಚಗಳಲ್ಲಿ ಮಲಗಿಸಿದರೆ, ಆಂಬುಲೆನ್ಸಿನಲ್ಲಿ ಕೆಂಪು ಗುಂಪಿನವರು ಬರುವ ಹೊತ್ತಿಗೆ ಜಾಗವಿರುವುದಿಲ್ಲ. ಹಸಿರು ಗುಂಪಿಗೆ ಹೊರರೋಗಿ ವಿಭಾಗದ ಬೆಂಚುಗಳು ಸಾಕು, ಆದರೆ ಒಬ್ಬರ ಕಣ್ಣು ಅವರ ಮೇಲಿರಲಿ. ಹೊಟ್ಟೆಯೊಳಗಿನ ರಕ್ತಸ್ರಾವ ಅರ್ಧ ಗಂಟೆಯಲ್ಲಿ ಹಸಿರನ್ನು ಕೆಂಪಾಗಿಸಬಹುದು.

ಪ್ರಜ್ಞೆಯಿಲ್ಲದೆ, ಹೆಸರು ಗೊತ್ತಿಲ್ಲದೆ ಬಂದವರಿಗೆ ಮೊದಲೇ ಸಂಖ್ಯೆ ಅಚ್ಚಾದ 30 ಕವರು ಸಿದ್ಧವಿಟ್ಟುಕೊಳ್ಳಿ. ಪ್ರತಿಯೊಂದರಲ್ಲೂ ಒಂದೇ ಸಂಖ್ಯೆಯ ಕೈಪಟ್ಟಿ, ಕೇಸ್ ಶೀಟು, ರಕ್ತದ ಮಾದರಿಗೆ ಅಂಟಿಸುವ ಚೀಟಿಗಳು, ಒಂದು ಪೆನ್ಸಿಲ್ ಇರಲಿ. ಮಳೆಯಲ್ಲಿ ನೆನೆದ ಕಾಗದದ ಮೇಲೆ ಶಾಯಿ ಹರಡುತ್ತದೆ, ಪೆನ್ಸಿಲ್ ನಿಲ್ಲುತ್ತದೆ. "ಅಪರಿಚಿತ ಗಂಡಸು" ಎಂದಷ್ಟೇ ಬರೆದ ಎರಡು ಮಾದರಿಗಳು ಅದಲುಬದಲಾದರೆ ತಪ್ಪು ಗುಂಪಿನ ರಕ್ತ ಏರಿ ಪ್ರಾಣವೇ ಹೋಗಬಹುದು.

ಪ್ರಶ್ನೆ: ಇನ್ಸಿಡೆಂಟ್ ಕಮಾಂಡ್ ಎಂದರೆ ಐದು ವಿಭಾಗ, ಹತ್ತಾರು ಅಧಿಕಾರಿಗಳು ಎನ್ನುತ್ತಾರೆ. ನಮ್ಮದು 20 ಹಾಸಿಗೆಯ ನರ್ಸಿಂಗ್ ಹೋಮ್, ಸಿಬ್ಬಂದಿ 14 ಮಂದಿ. ನಮಗೂ ಇದು ಬೇಕೆ?
– ವೈದ್ಯರು, ಸಾಗರ

ಉತ್ತರ: ಬೇಕು. ಇನ್ಸಿಡೆಂಟ್ ಕಮಾಂಡ್ ಎಂದರೆ ತುರ್ತಿನಲ್ಲಿ ಯಾರು ಏನು ಮಾಡಬೇಕು, ಯಾರ ಮಾತು ಕೇಳಬೇಕು ಎಂಬ ಹೊಣೆಗಳ ಪಟ್ಟಿ, ಹುದ್ದೆಗಳ ಪಟ್ಟಿಯಲ್ಲ. 1970ರಲ್ಲಿ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚು ಆರಿಸಲು ಹೋದ ಹಲವು ದಳಗಳ ನಡುವೆ ಯಾರ ಮಾತು ಕೇಳಬೇಕೆಂಬುದೇ ತಿಳಿಯದೆ ಕೆಲಸ ಕೆಟ್ಟಿತು. ಆ ಪಾಠದಿಂದ ಹುಟ್ಟಿದ ಪದ್ಧತಿ ಇದು. 1991ರಲ್ಲಿ ಅದೇ ರಾಜ್ಯದಲ್ಲಿ ಆಸ್ಪತ್ರೆಗಳಿಗೆ ತಕ್ಕಂತೆ ಅದನ್ನು ತಿದ್ದಿದರು. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಘಟನಾ ಸ್ಪಂದನ ವ್ಯವಸ್ಥೆಗೂ 2016ರಲ್ಲಿ ಆಸ್ಪತ್ರೆ ಸುರಕ್ಷತೆಗೂ ಮಾರ್ಗಸೂಚಿ ಹೊರಡಿಸಿದೆ.

ಹೊಣೆಗಳು ಐದು. ಒಬ್ಬರು ತೀರ್ಮಾನಿಸಬೇಕು, ಒಬ್ಬರು ಚಿಕಿತ್ಸೆ ನಡೆಸಬೇಕು. ಹಾಸಿಗೆ, ರೋಗಿ, ಸಿಬ್ಬಂದಿಯ ಲೆಕ್ಕವಿಟ್ಟು ಮುಂದಿನ ಪಾಳಿಯನ್ನು ಯೋಚಿಸುವವರು ಒಬ್ಬರು. ಔಷಧಿ, ಆಕ್ಸಿಜನ್, ಡೀಸೆಲ್, ಊಟ ಒದಗಿಸುವವರು ಇನ್ನೊಬ್ಬರು. ಕೊನೆಯವರು ಖರ್ಚು ಮತ್ತು ದಾಖಲೆ ನೋಡುವವರು. 14 ಮಂದಿಯಲ್ಲಿ ಒಬ್ಬರೇ ಎರಡು ಹೊಣೆ ಹೊರಬಹುದು. ಆದರೆ ತೀರ್ಮಾನ ಮತ್ತು ಚಿಕಿತ್ಸೆಯನ್ನು ಮಾತ್ರ ಒಬ್ಬರ ತಲೆಗೇ ಕಟ್ಟಬೇಡಿ. ಒಬ್ಬರ ಕೆಳಗೆ ನೇರವಾಗಿ ಐದು ಮಂದಿ ಸರಿ, ಏಳು ದಾಟಿದರೆ ಯಾರೂ ಯಾರ ಮಾತನ್ನೂ ಕೇಳಿಸಿಕೊಳ್ಳಲಾರರು.

ಪ್ರತಿ ಹೊಣೆಗೆ ಒಂದು ಪುಟದ ಚೀಟಿ ಬರೆದು ಲ್ಯಾಮಿನೇಟ್ ಮಾಡಿಸಿ. ಅದರ ಮೇಲೆ ಯಾರ ಹೆಸರೂ ಬೇಡ. ಹೆಸರಿದ್ದರೆ ಆ ವ್ಯಕ್ತಿ ರಜೆ ಹೋದ ದಿನ ಚೀಟಿಯೂ ರಜೆ ಹೋದಂತೆಯೇ. ಮೊದಲ ಹತ್ತು ನಿಮಿಷದಲ್ಲಿ ಏನು, ಮೊದಲ ಎರಡು ಗಂಟೆಯಲ್ಲಿ ಏನು, ಆಮೇಲೆ ಏನು, ಯಾರಿಗೆ ವರದಿ ಎಂಬಷ್ಟು ಕನ್ನಡದಲ್ಲೇ ಇರಲಿ. ನಡುರಾತ್ರಿ ಗಾಬರಿಯಲ್ಲಿ ಓದಬೇಕಾದದ್ದು ತಾಯ್ನುಡಿಯಲ್ಲಿದ್ದರೆ ಒಳ್ಳೆಯದು. ಚೀಟಿಗಳನ್ನು ಬೀಗ ಹಾಕಿದ ಬೀರುವಿನಲ್ಲಿ ಇಡಬೇಡಿ.

ಪ್ರಶ್ನೆ: ಅಪಘಾತವಾದಾಗ ನಮ್ಮ ಅಣ್ಣನನ್ನು ಮೊದಲು ಕರೆದೊಯ್ದರೂ ಆಮೇಲೆ ಬಂದವರನ್ನು ಮೊದಲು ನೋಡಿದರು. ನಮ್ಮನ್ನು ಗೇಟಿನ ಹೊರಗೇ ನಿಲ್ಲಿಸಿದರು. ಇದು ನ್ಯಾಯವೇ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಮೊದಲನೆಯದು ನ್ಯಾಯ. ಬಂದ ಕ್ರಮದಲ್ಲಲ್ಲ, ಪ್ರಾಣಕ್ಕಿರುವ ಅಪಾಯದ ಕ್ರಮದಲ್ಲಿ ನೋಡುತ್ತಾರೆ. ಹೊರಗೆ ನಿಲ್ಲಿಸುವುದೂ ಅಗತ್ಯವೇ, ಏಕೆಂದರೆ ಒಬ್ಬ ಗಾಯಾಳುವಿನೊಂದಿಗೆ ಐದಾರು ಮಂದಿ ಒಳನುಗ್ಗಿದರೆ ಸ್ಟ್ರೆಚರ್ ತಿರುಗಿಸಲೂ ಜಾಗವಿರುವುದಿಲ್ಲ. ಆದರೆ ಏನೂ ತಿಳಿಸದೆ ನಿಲ್ಲಿಸಿದ್ದರೆ ಅದು ತಪ್ಪು. ತುರ್ತು ವಿಭಾಗದಿಂದ ದೂರದ ಒಂದು ಕೋಣೆಯಲ್ಲಿ ಮನೆಯವರಿಗಾಗಿಯೇ ಒಬ್ಬರನ್ನು ಕೂರಿಸಿ, ಸುದ್ದಿ ಇರಲಿ ಇಲ್ಲದಿರಲಿ, ಅರ್ಧ ಗಂಟೆಗೊಮ್ಮೆ ಮಾತಾಡಿಸಬೇಕು. ಸಾವಿನ ಸುದ್ದಿಯನ್ನು ಗೋಡೆಯ ಪಟ್ಟಿಯಲ್ಲಿ ಓದುವ ಸ್ಥಿತಿ ಯಾರಿಗೂ ಬರಬಾರದು. ಭೇಟಿಗೆ ಬರುವ ಜನಪ್ರತಿನಿಧಿಗಳನ್ನೂ ಪತ್ರಕರ್ತರನ್ನೂ ಮಾತಾಡಿಸಲು ಬೇರೊಬ್ಬರಿರಬೇಕು, ಉಸ್ತುವಾರಿ ಹೊತ್ತವರನ್ನು ಅದಕ್ಕೆ ಎಳೆಯಬಾರದು.

ಪೊಲೀಸರ ಕಾಗದಪತ್ರಕ್ಕಾಗಿ ಚಿಕಿತ್ಸೆ ತಡಮಾಡುವಂತಿಲ್ಲ ಎಂಬುದೂ ನಿಮಗೆ ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನಲ್ಲೇ ಇದು ಸ್ಪಷ್ಟವಾಗಿದೆ.

ಪ್ರಶ್ನೆ: ಮಳೆ ಜೋರಾದಾಗ ಧರೆ ಕುಸಿದು ದಾರಿ ಮುಚ್ಚುತ್ತದೆ, ಕರೆಂಟು ಹೋಗುತ್ತದೆ, ಫೋನೂ ಸಿಗುವುದಿಲ್ಲ. ಸಿಬ್ಬಂದಿಯನ್ನು ಕರೆಸುವುದು ಹೇಗೆ? ಆಕ್ಸಿಜನ್ ಎಷ್ಟು ಹೊತ್ತು ಸಾಕಾಗುತ್ತದೆಂದು ಲೆಕ್ಕ ಹಾಕುವುದು ಹೇಗೆ?
– ಆರೋಗ್ಯ ಇಲಾಖೆ ನೌಕರರು, ತೀರ್ಥಹಳ್ಳಿ ಕಡೆಯಿಂದ

ಉತ್ತರ: ಸಿಬ್ಬಂದಿಯ ಪಟ್ಟಿಯನ್ನು ಹೆಸರಿನ ಪ್ರಕಾರವಲ್ಲ, ದಾರಿಯ ಪ್ರಕಾರ ಮಾಡಿ. ಯಾರು ಹೊಳೆ ದಾಟದೆ ನಡೆದೇ ಬರಬಲ್ಲರು? ಯಾರ ದಾರಿಯಲ್ಲಿ ಸೇತುವೆ ಇದೆ, ಯಾರ ದಾರಿಯಲ್ಲಿ ಘಾಟಿ ಇದೆ? ಮುಂಗಾರು ಹಿಡಿಯುವ ಮೊದಲೇ ಇದು ಗೋಡೆಯ ಮೇಲಿರಬೇಕು. ಮೊಬೈಲ್ ಟವರಿನ ಬ್ಯಾಟರಿ ಕರೆಂಟು ಹೋದ ಕೆಲವು ಗಂಟೆಗಳಲ್ಲೇ ಮುಗಿಯುವುದರಿಂದ ಫೋನನ್ನು ನಂಬಿದ ಯೋಜನೆ ಮಲೆನಾಡಿನಲ್ಲಿ ನಿಲ್ಲದು. ಬದಲಿಗೆ ಸಿಬ್ಬಂದಿಯನ್ನು "ಅ", "ಆ" ಎಂದು ಎರಡು ಗುಂಪು ಮಾಡಿ, ಮೊದಲೇ ಆದೇಶವಿರಲಿ: ದೊಡ್ಡ ಘಟನೆಯ ಸುದ್ದಿ ಕಿವಿಗೆ ಬಿದ್ದರೆ "ಅ" ಗುಂಪಿನವರು ಕರೆಗೆ ಕಾಯದೆ ಬರಬೇಕು, "ಆ" ಗುಂಪಿನವರು ಮನೆಯಲ್ಲೇ ಮಲಗಿ 12 ಗಂಟೆ ಕಳೆದು ಬರಬೇಕು. ಉತ್ಸಾಹದಲ್ಲಿ ಎಲ್ಲರೂ ಒಮ್ಮೆಲೇ ಓಡಿ ಬರುವುದೇ ಸಾಮಾನ್ಯ ತಪ್ಪು. ಮರುದಿನ ಬೆಳಿಗ್ಗೆ ಎಲ್ಲರೂ ಒಟ್ಟಿಗೇ ಸೋತಿರುತ್ತಾರೆ, ಔಷಧಿಯ ಪ್ರಮಾಣ ತಪ್ಪುವುದು ಆ ಹೊತ್ತಿಗೇ. ದಾರಿ ಕಡಿದು ಬರಲಾಗದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಾಜರಾಗುವಂತೆ ಮೊದಲೇ ಲಿಖಿತ ಅನುಮತಿ ಇರಲಿ.

ಆಕ್ಸಿಜನ್ ಲೆಕ್ಕ ಸುಲಭ. ದೊಡ್ಡ ಡಿ ಮಾದರಿ ಸಿಲಿಂಡರ್ ತುಂಬಿದಾಗ ಸುಮಾರು 150 ಬಾರ್ ಒತ್ತಡದಲ್ಲಿ 7,000 ಲೀಟರ್, ಚಿಕ್ಕ ಬಿ ಮಾದರಿಯದು ಸುಮಾರು 1,500 ಲೀಟರ್. ಡಿ ಸಿಲಿಂಡರಿನ ಮೀಟರ್ ತೋರಿಸುವ ಬಾರ್ ಸಂಖ್ಯೆಯನ್ನು 46ರಿಂದ ಗುಣಿಸಿದರೆ ಉಳಿದ ಲೀಟರ್ ಸಿಗುತ್ತದೆ. 50 ಬಾರ್ ಇದ್ದರೆ 2,300 ಲೀಟರ್. ನಿಮಿಷಕ್ಕೆ 10 ಲೀಟರ್ ಎಳೆಯುವ ಒಬ್ಬ ರೋಗಿಗೆ ಅದು ನಾಲ್ಕು ಗಂಟೆಯೂ ಬಾರದು. ಅಂಥ ಹತ್ತು ಮಂದಿ ಇದ್ದರೆ ತುಂಬಿದ ಡಿ ಸಿಲಿಂಡರ್ 70 ನಿಮಿಷದಲ್ಲಿ ಖಾಲಿ. ಶಿವಮೊಗ್ಗದಿಂದ ಲಾರಿ ಬರಲು ಎಷ್ಟು ಹೊತ್ತು, ದಾರಿ ಮುಚ್ಚಿದರೆ ಎಷ್ಟು ಹೊತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ದಾಸ್ತಾನು ನಿರ್ಧರಿಸಿ. ಸಿಲಿಂಡರ್ ಇದ್ದೂ ಸ್ಪ್ಯಾನರ್ ಸಿಗದಿರುವುದುಂಟು. ಅದನ್ನು ಟ್ರಾಲಿಗೇ ಸರಪಳಿಯಿಂದ ಕಟ್ಟಿ.

ಜನರೇಟರ್ ಕೈಕೊಡುವುದು ಹೆಚ್ಚಾಗಿ ಡೀಸೆಲ್ ಇಲ್ಲದ್ದಕ್ಕಲ್ಲ, ಬ್ಯಾಟರಿ ಸತ್ತದ್ದಕ್ಕೆ. ತಿಂಗಳಿಗೊಮ್ಮೆ ಆಸ್ಪತ್ರೆಯ ನಿಜವಾದ ಹೊರೆ ಹಾಕಿ ಅರ್ಧ ಗಂಟೆ ಓಡಿಸಿ. ಗಂಟೆಗೆ ಎಷ್ಟು ಲೀಟರ್ ಕುಡಿಯುತ್ತದೆಂದು ಅಳೆದು ಅದರ ಮೈಮೇಲೇ ಬರೆಯಿರಿ.

ಪ್ರಶ್ನೆ: ದೊಡ್ಡ ಅಪಘಾತವಾದರೆ ನಮ್ಮ ಯುವಕ ಸಂಘದ 40 ಮಂದಿ ತಕ್ಷಣ ರಕ್ತ ಕೊಡಲು ಸಿದ್ಧ. ನೇರವಾಗಿ ಬರಬಹುದೆ?
– ಭದ್ರಾವತಿ

ಉತ್ತರ: ನಿಮ್ಮ ಮನಸ್ಸು ದೊಡ್ಡದು, ಆದರೆ ನೇರವಾಗಿ ಬರಬೇಡಿ. ಕೊಟ್ಟ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸದೆ ಏರಿಸುವಂತಿಲ್ಲ. ಅದಕ್ಕೆ ಗಂಟೆಗಳೇ ಬೇಕು. ಆ ರಾತ್ರಿ ಪ್ರಾಣ ಉಳಿಸುವುದು ಹಿಂದಿನ ವಾರ ಯಾರೋ ಕೊಟ್ಟ ರಕ್ತ. ಸಂಘದವರ ಗುಂಪುವಾರು ಪಟ್ಟಿಯನ್ನು ರಕ್ತನಿಧಿಗೆ ಕೊಟ್ಟು, ಮೂರು ತಿಂಗಳಿಗೆ ಹತ್ತರಂತೆ ಸರದಿಯಲ್ಲಿ ಕೊಡಿ.

ಪ್ರಶ್ನೆ: ಮಂಗನ ಕಾಯಿಲೆ ಬಂದಾಗಲೂ ಈ ವ್ಯವಸ್ಥೆ ಉಪಯೋಗಕ್ಕೆ ಬರುತ್ತದೆಯೆ? ಅದು ಒಂದೇ ದಿನದ ಘಟನೆಯಲ್ಲವಲ್ಲ.
– ಆಶಾ ಕಾರ್ಯಕರ್ತೆ, ಸೊರಬ

ಉತ್ತರ: ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಈ ಕಾಯಿಲೆ ನಿಧಾನವಾಗಿ ಏರುವ ತುರ್ತು. ಚಳಿಗಾಲದಿಂದ ಬೇಸಗೆಯವರೆಗೆ ತಿಂಗಳುಗಟ್ಟಲೆ ಎಳೆಯುತ್ತದೆ. ಹಾಗಾಗಿ ಇಲ್ಲಿ ಹೆಚ್ಚು ಕೆಲಸ ಲೆಕ್ಕವಿಡುವವರಿಗೆ, ಸಾಮಗ್ರಿ ಒದಗಿಸುವವರಿಗೆ. ದಿನಕ್ಕೆ ಎಷ್ಟು ಜ್ವರದ ರೋಗಿಗಳು ಬಂದರೆ ಬೇರೆ ವಾರ್ಡು ತೆರೆಯಬೇಕು, ಪ್ಲೇಟ್‌ಲೆಟ್ ಎಷ್ಟಕ್ಕೆ ಇಳಿದರೆ, ಎಂಥ ರಕ್ತಸ್ರಾವ ಕಂಡರೆ ಮುಂದಿನ ಆಸ್ಪತ್ರೆಗೆ ಕಳಿಸಬೇಕು ಎಂಬ ಗೆರೆಯನ್ನು ಹಂಗಾಮಿಗೆ ಮೊದಲೇ ಎಳೆದುಕೊಳ್ಳಬೇಕು. ರೋಗಿಗಳು ತುಂಬಿದ ಮೇಲೆ ಎಳೆಯಲು ಹೊರಟರೆ ದಿನಕ್ಕೊಂದು ಗೆರೆಯಾಗುತ್ತದೆ.

ಸಿಬ್ಬಂದಿ ಹಿಂಜರಿಯುವುದು ಭಯದಿಂದ. ಈ ಕಾಯಿಲೆ ಉಣುಗಿನಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ಕಂಡುಬಂದಿಲ್ಲ. ಮೊದಲ ದಿನವೇ ವಾರ್ಡಿನ ಸ್ವಚ್ಛತಾ ಸಿಬ್ಬಂದಿಯಿಂದ ಹಿಡಿದು ಎಲ್ಲರಿಗೂ ಇದನ್ನು ಕೂರಿಸಿ ಹೇಳುವುದು ಉಸ್ತುವಾರಿ ಹೊತ್ತವರ ಕೆಲಸ. ಜ್ವರ ಬಿಟ್ಟು ಮನೆಗೆ ಹೋದ ಕೆಲವರಿಗೆ ಒಂದೆರಡು ವಾರದ ಮೇಲೆ ಮತ್ತೆ ಜ್ವರ ಬಂದು ತಲೆನೋವು, ನಡುಕ, ಗೊಂದಲ ಕಾಣಿಸಿಕೊಳ್ಳಬಹುದು. ಬಿಡುಗಡೆಯಾದವರ ಪಟ್ಟಿ ನಿಮ್ಮ ಕೈಗೂ ಬರಬೇಕು. ಮನೆ ಬಾಗಿಲಿಗೆ ಹೋಗಿ ಅವರನ್ನು ಮತ್ತೆ ನೋಡಬಲ್ಲವರು ನೀವೇ. ಪಟ್ಟಿ ತಾನಾಗಿ ಬಾರದಿದ್ದರೆ ಕೇಳಿ ಪಡೆಯಿರಿ.