ಭೂಮಿ ಚೇತರಿಸಿಕೊಳ್ಳುತ್ತದೆ ಸರಿ, ಅಲ್ಲಿವರೆಗೆ ನಾವು ಇರಬೇಕಲ್ಲ?

ನೀವು ಕೇಳಿರುವುದು ಇಷ್ಟು: ಭೂಮಿಯ ಮೇಲೆ ಐದು ಸಲ ಜೀವರಾಶಿ ದೊಡ್ಡ ಮಟ್ಟದಲ್ಲಿ ಅಳಿದು ಮತ್ತೆ ಬೆಳೆದಿದೆ, ಹಾಗಿದ್ದ ಮೇಲೆ ಈಗ ನಾಲ್ಕು ಹುಳ, ಕಪ್ಪೆ, ಗಿಡ ಹೋದರೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಮೊದಲರ್ಧ ನಿಜ. ಸುಮಾರು 25 ಕೋಟಿ ವರ್ಷಗಳ ಹಿಂದೆ ಸೈಬೀರಿಯಾದಲ್ಲಿ ಲಾವಾ ಲಕ್ಷಾಂತರ ವರ್ಷ ಉಕ್ಕಿತು. ಸಮುದ್ರ ಕಾದು, ನೀರಲ್ಲಿ ಆಮ್ಲಜನಕ ಕಡಿಮೆಯಾಗಿ, ಕಡಲಿನ ಹತ್ತು ಜಾತಿಯಲ್ಲಿ ಎಂಟೊಂಬತ್ತು ಅಳಿದವು. ಆಮೇಲೆ ಜೀವ ತುಂಬಿಕೊಂಡಿತು, ಹೌದು. ಆದರೆ ಪೂರ್ತಿ ಚೇತರಿಸಿಕೊಳ್ಳಲು ಹೆಚ್ಚುಕಡಿಮೆ 1 ಕೋಟಿ ವರ್ಷ ಬೇಕಾಯಿತು. ಮನುಷ್ಯ ಹುಟ್ಟಿಯೇ ಸುಮಾರು 3 ಲಕ್ಷ ವರ್ಷ ಆಗಿದೆ, ನೀವೇ ಲೆಕ್ಕ ಹಾಕಿ.

ಹೋದರೆ ಹೋಗಲಿ ಅನ್ನಿಸುವ ಸಣ್ಣ ಜೀವ ಎಂಥ ಕೆಲಸ ಮಾಡುತ್ತದೆ, ಒಂದು ಉದಾಹರಣೆ ನೋಡಿ. ನಾನು ಮಂಡ್ಯದ ಕಡೆಯವನು, ನಾಲೆ ಬಯಲಿನ ಗದ್ದೆಯಲ್ಲಿ ಬೆಳೆದವನು. ನಾಟಿ ಆದ ಕೆಲವು ದಿನಕ್ಕೆ ನಿಂತ ನೀರಲ್ಲಿ ಪಾಚಿ ಕಟ್ಟುತ್ತದಲ್ಲ, ಕಳೆ ಕೀಳುವಾಗ ಅದನ್ನು ಸುಮ್ನೆ ಕಾಲಲ್ಲಿ ತಳ್ಳುತ್ತಿದ್ದೆವು. ಅದರಲ್ಲಿ ನೀಲಿ ಹಸಿರು ಪಾಚಿಯೂ ಇರುತ್ತದೆ. ಹೆಸರು ಪಾಚಿ, ಜಾತಿಯಲ್ಲಿ ಬ್ಯಾಕ್ಟೀರಿಯಾ. ಇದರ ಪೂರ್ವಜರು ಬಿಸಿಲು, ನೀರು ಬಳಸಿ ಬಿಟ್ಟ ಆಮ್ಲಜನಕವೇ ಸುಮಾರು 240 ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಸೇರತೊಡಗಿದ್ದು. ಭತ್ತದ ಎಲೆಯ ಹಸಿರೂ ಇದೇ ವಂಶದ್ದು: ಎಂದೋ ಒಂದು ಜೀವಕೋಶ ಇಂಥದ್ದೊಂದನ್ನು ನುಂಗಿ, ಅರಗಿಸಿಕೊಳ್ಳದೆ ಒಳಗೇ ಇಟ್ಟುಕೊಂಡಿತು. ಗದ್ದೆಯ ಪಾಚಿ ಗಾಳಿಯ ಸಾರಜನಕ ಹಿಡಿದು ಭತ್ತಕ್ಕೆ ಕೊಡುತ್ತದೆ ಅನ್ನುವುದನ್ನು ವಿಜ್ಞಾನಿ ಪಿ. ಕೆ. ಡೇ 1939ರಲ್ಲೇ ತೋರಿಸಿದ್ದರು. ಯೂರಿಯಾ ಜಾಸ್ತಿ ಸುರಿದರೆ ಪಾಚಿ ಆ ಕೆಲಸ ಕಡಿಮೆ ಮಾಡುತ್ತದೆ. ನಾವು ಸುರಿದೆವು.

ಇನ್ನು ಬರದಂಥ ಕಷ್ಟ ತಡೆದುಕೊಳ್ಳುವ ಶಕ್ತಿಯ ಮಾತು. ಅಜ್ಜಿ ಕಾಲದಲ್ಲಿ ಖುಷ್ಕಿ ಹೊಲಕ್ಕೆ ಬರೀ ರಾಗಿ ಬಿತ್ತುತ್ತಿರಲಿಲ್ಲ, ನಡುನಡುವೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಇರುತ್ತಿತ್ತು. ತೊಗರಿ ಬೇರು ಆಳಕ್ಕೆ ಹೋಗಿ ರಾಗಿಗೆ ಸಿಗದ ತೇವ ಹುಡುಕುತ್ತದೆ. ಅವರೆ, ರಾಗಿ ಕಟಾವಾದ ಮೇಲೂ ಇಬ್ಬನಿಯಲ್ಲಿ ಕಾಯಿ ಬಿಡುತ್ತದೆ. ಹುಚ್ಚೆಳ್ಳು ಹೂವಿಗೆ ಜೇನು ಬರುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ಅಣೆಕಟ್ಟೆ ತುಂಬಲಿಲ್ಲ, ನೆನಪಿದೆ ಅಲ್ವಾ? ಭತ್ತ ಒಂದನ್ನೇ ನಂಬಿದ್ದ ನಮ್ಮ ಗದ್ದೆ ಬೇಸಿಗೆಗೆ ಬಿರುಕು ಬಿಟ್ಟು ಮಲಗಿತು. ಮೇಲಿನ ಹೊಲದಲ್ಲಿ ಅಕ್ಕಡಿ ಹಾಕಿದ್ದ ಚಿಕ್ಕಪ್ಪನಿಗೆ ರಾಗಿ ಅರ್ಧವೂ ಬರಲಿಲ್ಲ, ಆದರೆ ತೊಗರಿ, ಅವರೆ ಮನೆಗೆ ಸಾಕಾಗುವಷ್ಟು ಬಂತು.

ಕಾಡು, ಕೆರೆ ತಡೆದುಕೊಳ್ಳುವುದೂ ಹೀಗೆಯೇ. ಒಂದೇ ಕೆಲಸಕ್ಕೆ ನಾಲ್ಕಾರು ಜಾತಿ ಇರುತ್ತವೆ, ಒಂದೊಂದಕ್ಕೂ ಬೇರೆ ಬೇರೆ ಕಷ್ಟ ತಾಳುವ ಗುಣ. ಬರಕ್ಕೆ ಒಂದು ಸೋತರೆ ಇನ್ನೊಂದು ಎದ್ದು ನಿಲ್ಲುತ್ತದೆ. ನೀವು ಹೇಳುವ ಆ ನಾಲ್ಕು ಹುಳ, ಕಪ್ಪೆಗಳಲ್ಲಿ ಮುಂದಿನ ಬರಕ್ಕೆ ತೊಗರಿ ಯಾವುದು, ರಾಗಿ ಯಾವುದು ಅಂತ ಈಗಲೇ ಆರಿಸಿ ಕೊಡಲು ನನ್ನಿಂದಾಗದು, ನಿಮ್ಮಿಂದಾಗುತ್ತದೆಯೇ?